ಬೆಟ್ಟದ ಪಟ್ಟಿ ಮಾಡಿದವರು ಯಾರು?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಸೆಕ್ಯೂರಿಟಿ ಚೆಕ್ ಕ್ಯೂನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಸಮುದ್ರಮಟ್ಟದಿಂದ ನೀವಿರುವುದು ಸುಮಾರು 915 ಮೀಟರ್ ಎತ್ತರದಲ್ಲಿ, ಅಂದರೆ 3,000 ಅಡಿಗಿಂತ ಒಂದೆರಡು ಅಡಿ ಮೇಲೆ. ಸ್ಕಾಟ್‌ಲೆಂಡಿನಲ್ಲಿ ಇಷ್ಟು ಎತ್ತರದ ಶಿಖರ ಮುಟ್ಟಲು ಜನ ಮಳೆ, ಮಂಜು, ಕೆಸರು ಎಲ್ಲ ದಾಟಿ ಬೆಳಗ್ಗೆಯಿಂದ ಸಂಜೆವರೆಗೆ ನಡೆಯುತ್ತಾರೆ. ಮನೆಗೆ ಬಂದು ಪಟ್ಟಿಯಲ್ಲಿ ಒಂದು ಟಿಕ್ ಹಾಕುತ್ತಾರೆ. ಆ ಪಟ್ಟಿಯ ಬೆಟ್ಟಗಳಿಗೆ ‘ಮನ್ರೊ’ ಅಂತ ಹೆಸರು.

ಹ್ಯೂ ಮನ್ರೊ ಎಂಬಾತ 1891ರಲ್ಲಿ ಈ ಪಟ್ಟಿಯನ್ನು ಪ್ರಕಟಿಸಿದ. ಆತನ ಪ್ರಕಾರ ಸ್ಕಾಟ್‌ಲೆಂಡಿನಲ್ಲಿ 3,000 ಅಡಿ ದಾಟಿದ ‘ಪ್ರತ್ಯೇಕ ಪರ್ವತ’ಗಳು 283. ಅವಕ್ಕೆ ಅಂಟಿಕೊಂಡ ಉಪಶಿಖರಗಳನ್ನೂ ಸೇರಿಸಿದರೆ 538. ಅಲ್ಲಿಯವರೆಗೆ ಅಷ್ಟು ಎತ್ತರದ ಬೆಟ್ಟಗಳು ಕೆಲವೇ ಡಜನ್ ಇರಬಹುದು ಅಂತ ಜನ ನಂಬಿದ್ದರು. ಹಾಗಾಗಿ ಮನ್ರೊ ಮಾಡಿದ್ದು ಬರೀ ಲೆಕ್ಕದ ಕೆಲಸ ಅಂತ ತಳ್ಳಿಹಾಕುವ ಹಾಗಿಲ್ಲ. ತಮ್ಮದೇ ನಾಡಿನಲ್ಲಿ ಇಷ್ಟೊಂದು ಬೆಟ್ಟಗಳಿವೆ ಅನ್ನುವುದು ಅಲ್ಲಿನವರಿಗೇ ಗೊತ್ತಾಗಿದ್ದು ಈ ಪಟ್ಟಿಯಿಂದ.

ಆದರೆ ಪಟ್ಟಿ ಒಂದು ಕೃತಿ. ಕಾದಂಬರಿ, ಸಿನಿಮಾಗಳನ್ನು ವಿಮರ್ಶೆ ಮಾಡುವ ಹಾಗೆ ಅದನ್ನೂ ವಿಮರ್ಶೆ ಮಾಡಬೇಕು. ಯಾವುದನ್ನು ಒಳಗೆ ಬಿಟ್ಟುಕೊಂಡಿತು, ಯಾವುದನ್ನು ಹೊರಗೆ ನಿಲ್ಲಿಸಿತು, ಯಾಕೆ?

ಎರಡು ಬೆಟ್ಟ ನೋಡಿ. ಕೇರ್ನ್‌ವೆಲ್ ಅನ್ನುವ ಬೆಟ್ಟದ ಎತ್ತರ 933 ಮೀಟರ್. ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ ಸುಮಾರು 670 ಮೀಟರ್ ಎತ್ತರದಲ್ಲಿದೆ. ಕಾರು ನಿಲ್ಲಿಸಿ, ಸ್ಕೀ ಲಿಫ್ಟಿನ ಕಂಬಗಳ ನಡುವೆ ಹತ್ತಿ, ಮೇಲಿರುವ ಟವರ್ ನೋಡಿ ಇಳಿದರೆ ಒಂದು ಮನ್ರೊ ಮುಗಿಯಿತು. ಇನ್ನೊಂದು ಸುಲ್ವೆನ್. ವಾಯವ್ಯ ತುದಿಯ ಜೌಗು ಬಯಲಿನಲ್ಲಿ ಏಕಾಂಗಿಯಾಗಿ ಎದ್ದು ನಿಂತ ಬೆಟ್ಟ. ಒಮ್ಮೆ ಫೋಟೊ ನೋಡಿದವರು ಮರೆಯುವುದಿಲ್ಲ. ಅದರ ಎತ್ತರ 731 ಮೀಟರ್ ಮಾತ್ರ, ಹಾಗಾಗಿ ಮನ್ರೊ ಪಟ್ಟಿಯಲ್ಲಿ ಜಾಗ ಇಲ್ಲ. ಸಮುದ್ರಮಟ್ಟದಿಂದ ಅಳೆಯುವ ಟೇಪಿಗೆ ಬೆಟ್ಟದ ಬುಡ ಎಲ್ಲಿದೆ ಅಂತ ಕಾಣುವುದಿಲ್ಲ. ಕಂಡಿದ್ದರೆ ನಮ್ಮ ವಿಮಾನ ನಿಲ್ದಾಣ ಈ ಚರ್ಚೆಗೇ ಬರುತ್ತಿರಲಿಲ್ಲ.

ಗೆರೆ ಎಷ್ಟು ಖಡಕ್ಕಾಗಿರಬಹುದು ಅನ್ನುವುದಕ್ಕೆ 2012 ಸಾಕ್ಷಿ. ಬೆನ್ ಎ ಕ್ಲೈವ್ ಅನ್ನುವ ಬೆಟ್ಟವನ್ನು ಹೊಸದಾಗಿ ಅಳೆದಾಗ 913.96 ಮೀಟರ್ ಬಂತು. ಬೇಕಾಗಿದ್ದದ್ದು 914.4. ಮೊಳದಷ್ಟು ಕಡಿಮೆ ಬಿತ್ತು ಅಂತ ಪಟ್ಟಿಯಿಂದ ಕೈಬಿಟ್ಟರು. ಸಂಖ್ಯೆ 282ಕ್ಕೆ ಇಳಿಯಿತು. ಇದು ಹುಚ್ಚುತನ ಅನ್ನಿಸಬಹುದು, ನನಗೆ ಮಾತ್ರ ಇದರಲ್ಲಿ ಗೌರವ ಕೊಡಬೇಕಾದ್ದು ಕಾಣುತ್ತದೆ. ನಿಯಮ ಇದೆ, ಅದು ಎಲ್ಲರಿಗೂ ಗೊತ್ತು, ಅದಕ್ಕೆ ಯಾರ ಮುಲಾಜೂ ಇಲ್ಲ. ತಕರಾರು ಇದ್ದವರು ಅಳತೆಪಟ್ಟಿ ಹಿಡಿದು ಬರಬಹುದು.

ತಕರಾರಿನಿಂದಲೇ ಮುಂದಿನ ಪಟ್ಟಿಗಳು ಹುಟ್ಟಿದವು. ಜಾನ್ ರೂಕ್ ಕಾರ್ಬೆಟ್ 2,500ರಿಂದ 3,000 ಅಡಿ ನಡುವಿನ ಬೆಟ್ಟಗಳನ್ನು ಪಟ್ಟಿ ಮಾಡಿದ. ಅದರಲ್ಲಿ ‘ಇಳಿತ’ದ ಲೆಕ್ಕ ಬಂತು: ಇದಕ್ಕಿಂತ ಎತ್ತರದ ಇನ್ನೊಂದು ಬೆಟ್ಟಕ್ಕೆ ಹೋಗಬೇಕಾದರೆ ಕನಿಷ್ಠ 500 ಅಡಿ ಕೆಳಗಿಳಿಯಲೇಬೇಕು. ದೊಡ್ಡಣ್ಣನ ಹೆಗಲ ಮೇಲಿನ ಗುಬುಟುಗಳಿಗೆ ಇಲ್ಲಿ ಪ್ರವೇಶ ಇಲ್ಲ. 1992ರಲ್ಲಿ ಆಲನ್ ಡಾಸನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎತ್ತರದ ಗೆರೆಯನ್ನೇ ಅಳಿಸಿಬಿಟ್ಟ. ಇಳಿತ 150 ಮೀಟರ್ ಇದ್ದರೆ ಸಾಕು, ಗುಡ್ಡ ಎಷ್ಟು ಗಿಡ್ಡವಾದರೂ ಸರಿ. ಮನ್ರೊ ಹೆಸರಿಗೆ ಜೋಡಿಯಾಗಿ, ಮರ್ಲಿನ್ ಮನ್ರೋ ನೆನಪಿನ ತಮಾಷೆಯಲ್ಲಿ, ಇವಕ್ಕೆ ‘ಮರ್ಲಿನ್’ ಅಂತ ಹೆಸರಿಟ್ಟ. ಬ್ರಿಟನ್ನಿನ ಮೂಲೆ ಮೂಲೆಯ ಊರಹಿಂದಿನ ಗುಡ್ಡಗಳಿಗೆಲ್ಲ ಮರ್ಯಾದೆ ಬಂತು. ತಮಾಷೆಯ ಪಟ್ಟಿ ಕೊನೆಗೆ ಜನರನ್ನು ಸೇಂಟ್ ಕಿಲ್ಡಾ ದ್ವೀಪಗಳ ಪಕ್ಕ ಸಮುದ್ರದಿಂದ ನೆಟ್ಟಗೆ ಎದ್ದ ಬಂಡೆಗಳವರೆಗೂ ಎಳೆದೊಯ್ದಿತು. ಅವೂ ನಿಯಮದ ಪ್ರಕಾರ ಮರ್ಲಿನ್‌ಗಳೇ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ಕೂತವನು ಆಲ್ಫ್ರೆಡ್ ವೇನ್‌ರೈಟ್. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಅಂಚಿನ ಒಂದು ಪಟ್ಟಣದ ಖಜಾಂಚಿ. 1955ರಿಂದ 1966ರವರೆಗೆ ಏಳು ಪುಸ್ತಕಗಳಲ್ಲಿ 214 ಬೆಟ್ಟಗಳ ಬಗ್ಗೆ ಕೈಯಾರೆ ಬರೆದ, ಕೈಯಾರೆ ಚಿತ್ರ ಬಿಡಿಸಿದ. ಈ 214ಕ್ಕೆ ಮಾನದಂಡ ಏನು? ವೇನ್‌ರೈಟ್‌ಗೆ ಬೇಕು ಅನ್ನಿಸಿತು, ಅಷ್ಟೇ. ಸಾವಿರ ಅಡಿಯೂ ಇಲ್ಲದ ಕಾಸಲ್ ಕ್ರ್ಯಾಗ್ ಒಳಗಿದೆ. ಹತ್ತುವುದಕ್ಕೆ ಯೋಗ್ಯವೇ ಅಲ್ಲ ಎಂಬ ಧಾಟಿಯಲ್ಲಿ ಆತನೇ ಬರೆದ ಮಂಗ್ರಿಸ್‌ಡೇಲ್ ಕಾಮನ್ ಕೂಡ ಒಳಗಿದೆ. ಈಗ 214 ಮುಗಿಸುವ ಹಟದವರೆಲ್ಲ ಆ ನೀರಸ ದಿಬ್ಬಕ್ಕೂ ಹೋಗಿಬರುತ್ತಾರೆ. ಆದರೂ ಒಂದು ಮಾತು ಒಪ್ಪಬೇಕು. ಇದು ಒಬ್ಬ ಮನುಷ್ಯ ಎಲ್ಲ ಬೆಟ್ಟ ಹತ್ತಿ, ಹೆಸರು ಹಾಕಿ, ಇದು ನನ್ನ ಆಯ್ಕೆ ಅಂತ ಹೇಳಿ ಕೊಟ್ಟ ಪಟ್ಟಿ. ಜಗಳ ಆಡಬೇಕಾದರೆ ಯಾರ ಜೊತೆ ಅಂತ ಗೊತ್ತಿದೆ.

ಈಗ ನಮ್ಮ ಫೋನಿಗೆ ಬರುವ ಪಟ್ಟಿಗಳಿಗೆ ಬನ್ನಿ. ‘ಬೆಂಗಳೂರಿನ ಸುತ್ತಮುತ್ತ ವೀಕೆಂಡ್ ಟ್ರೆಕ್ಕಿಂಗಿಗೆ ಟಾಪ್ 10’. ಇದರಲ್ಲಿ ಮನ್ರೊನ ಟೇಪೂ ಇಲ್ಲ, ವೇನ್‌ರೈಟ್‌ನ ಕಾಲೂ ಇಲ್ಲ. ‘ಈಸಿ, ಮಾಡರೇಟ್, ಡಿಫಿಕಲ್ಟ್’ ಅಂತ ಮೂರು ಡಬ್ಬಿ. ಯಾರಿಗೆ ಈಸಿ ಅಂತ ಕೇಳುವ ಹಾಗಿಲ್ಲ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಿ ಮಾಡಿ ಸ್ಕಂದಗಿರಿ, ಸಾವನದುರ್ಗ, ಕುಮಾರ ಪರ್ವತ ಅಂತ ಅದೇ ಹೆಸರುಗಳು ಮೇಲೆ ಕೂತಿವೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯ ಚೆಕ್‌ಪೋಸ್ಟಿನಲ್ಲಿ ಜಾತ್ರೆಯಂತೆ ಸೇರಿದ್ದ ಜನರ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಹಾಕಿತು. ದೂರೆಲ್ಲ ಬಿದ್ದದ್ದು ಚಾರಣಿಗರ ಮೇಲೆ ಮತ್ತು ಅರಣ್ಯ ಇಲಾಖೆಯ ಮೇಲೆ. ಅಷ್ಟೂ ಜನರಿಗೆ ಅದೇ ಬೆಟ್ಟ, ಅದೇ ವಾರ ಯಾಕೆ ಬೇಕಾಯಿತು ಅನ್ನುವ ಪ್ರಶ್ನೆ ಪಟ್ಟಿ ಮಾಡಿದವರನ್ನು ಯಾರೂ ಕೇಳಲಿಲ್ಲ.

ಪಟ್ಟಿಯೇ ಬೇಡ, ಸುಮ್ಮನೆ ನಡೆಯಿರಿ ಅನ್ನುವವರಿದ್ದಾರೆ. ಕೇಳೋಕೆ ಚೆಂದ. ಆದರೆ ಪಟ್ಟಿ ಇಲ್ಲದಿದ್ದರೆ ನಾವು ಹೋಗುವುದು ಹೆಸರು ಕೇಳಿದ ಜಾಗಕ್ಕೇ. 282 ಬೆಟ್ಟಗಳ ಪಟ್ಟಿ ಜನರನ್ನು 282 ಕಡೆಗೆ ಚೆದುರಿಸುತ್ತದೆ, 10ರ ಪಟ್ಟಿ ಹತ್ತೇ ಕಡೆ ಗುಡ್ಡೆ ಹಾಕುತ್ತದೆ. ಉದ್ದದ ಪಟ್ಟಿಯಲ್ಲೂ ಅಪಾಯ ಇಲ್ಲದಿಲ್ಲ. ಸೇಂಟ್ ಕಿಲ್ಡಾದ ಆ ಬಂಡೆಗಳ ಮೇಲೆ ಕಡಲಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಹತ್ತುವವರು ಹಕ್ಕಿಗಳು ಹೋದ ಮೇಲಿನ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ನಮ್ಮ ಶೋಲಾ ಕಾಡಿನ ಬೆಟ್ಟಗಳಿಗೂ ಇಂಥ ಕಾಯುವಿಕೆ ಬೇಕು. ಹೆಸರಿನ ಪಕ್ಕ ‘ಈ ತಿಂಗಳು ಬೇಡ’ ಅಂತ ಬರೆಯುವ ಧೈರ್ಯ ಪಟ್ಟಿಗೆ ಇರಬೇಕು.

ಮುಲ್ಲಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ಸಾವನದುರ್ಗ ಅದಕ್ಕಿಂತ ಏಳುನೂರು ಮೀಟರ್ ಗಿಡ್ಡ. ಬುಡದಿಂದ ಬಂಡೆಯ ಮೇಲೆ ಬೆವರಿಳಿಸಿಕೊಂಡೇ ಹತ್ತಬೇಕು. ಇವೆರಡನ್ನೂ ನ್ಯಾಯವಾಗಿ ಅಳೆಯುವ ಒಂದು ಕನ್ನಡದ ಪಟ್ಟಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಯವರೆಗೆ, ಗ್ರೂಪಿನಲ್ಲಿ ಮುಂದಿನ ಟಾಪ್ 10 ಬಂದಾಗ ಕೆಳಗೆ ಒಂದು ಸಾಲು ಟೈಪ್ ಮಾಡಿ: ಇದನ್ನು ಮಾಡಿದವರು ಯಾರು, ಇದರಲ್ಲಿ ಎಷ್ಟು ಹತ್ತಿದ್ದಾರೆ?