ಮೀಟುವ ಕೈಯ ಪರವಾಗಿ

ಈ ಕಾಲದ ಅತಿ ದೊಡ್ಡ ರಾಕ್ ಗಿಟಾರ್ ವಾದಕ ಯಾರು ಎಂಬ ಜಗಳ ನಮ್ಮ ಕಾಫಿ ಸೀಮೆಗೆ ಹೊಸದಲ್ಲ. ವಸ್ತಾರೆ, ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಬೆಂಗಳೂರಿನ ಹಾಸ್ಟೆಲುಗಳಿಗೆ ಓದಲು ಹೋದ ಹುಡುಗರು ರಜೆಗೆ ಬರುವಾಗ ಕ್ಯಾಸೆಟ್ಟುಗಳ ಜೊತೆ ಈ ಜಗಳವನ್ನೂ ತಂದರು. ಅವರ ಮಕ್ಕಳು ಈಗ ಫೋನಿನಲ್ಲಿ ಕೇಳುತ್ತಾರೆ. ಹೆಸರುಗಳು ಹೆಚ್ಚೇನೂ ಬದಲಾಗಿಲ್ಲ: ಎಡ್ಡಿ ವ್ಯಾನ್ ಹೇಲನ್, ಸ್ಟೀವ್ ವಾಯ್, ಜೋ ಸಾಟ್ರಿಯಾನಿ, ಸ್ಲ್ಯಾಶ್, ಕರ್ಕ್ ಹ್ಯಾಮೆಟ್. ನಮ್ಮವರಲ್ಲಿ ಯಾರು ಎಂದು ಕೇಳಿದರೆ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ. ಇವರೆಲ್ಲ ದೊಡ್ಡವರೇ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಅವರನ್ನು ಅಳೆಯುವ ಕೋಲಿನ ಬಗ್ಗೆ. ವಾದ ಮಾಡುವವರೆಲ್ಲ ಹಾಡಿನ ನಡುವೆ ಬರುವ ಅರ್ಧ ನಿಮಿಷದ ಸೋಲೋವನ್ನು ಕತ್ತರಿಸಿ ತೆಗೆದು ತೂಗುತ್ತಾರೆ. ಉಳಿದ ನಾಲ್ಕು ನಿಮಿಷ ಆ ಗಿಟಾರ್ ಏನು ಮಾಡುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಪಟ್ಟಿಗಳನ್ನು ಸಾಕ್ಷಿಗೆ ಕರೆಯುವವರಿಗೆ ಮೊದಲು ಒಂದು ಮಾತು. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ನೂರು ಶ್ರೇಷ್ಠ ಗಿಟಾರ್ ವಾದಕರ ಪಟ್ಟಿ ಮಾಡಿದಾಗ ಕರ್ಟ್ ಕೋಬೇನ್ 12ನೆಯವನು, ಎಡ್ಡಿ ವ್ಯಾನ್ ಹೇಲನ್ 70ನೆಯವನು. 2023ರ ಪಟ್ಟಿಯಲ್ಲಿ ಎಡ್ಡಿ ನಾಲ್ಕನೆಯ ಸ್ಥಾನಕ್ಕೆ ಏರಿದ. ಮೊದಲ ಪಟ್ಟಿಯ ನೂರರಲ್ಲಿ ಎಲ್ಲೂ ಇಲ್ಲದ ಸಿಸ್ಟರ್ ರೊಸೆಟಾ ಥಾರ್ಪ್, ಚರ್ಚಿನ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರಿನ ಬಿಸಿ ತಾಗಿಸಿದ ಆ ಹೆಂಗಸು, ಆರನೆಯವಳಾದಳು. ಇಪ್ಪತ್ತು ವರ್ಷದಲ್ಲಿ ಅವರ ಧ್ವನಿಮುದ್ರಿಕೆಗಳಲ್ಲಿ ಒಂದು ಸ್ವರವೂ ಬದಲಾಗಲಿಲ್ಲ. ಬದಲಾದದ್ದು ಕೇಳುವವರ ಮಾನದಂಡ. ಹಾಗಿರುವಾಗ ಮಾನದಂಡದ ಚರ್ಚೆ ಬಿಟ್ಟು ಸ್ಥಾನದ ಚರ್ಚೆ ಮಾಡುವುದು ನನಗೆ ವ್ಯರ್ಥವಾಗಿ ಕಾಣುತ್ತದೆ.

ಈ ಎರಡೂ ಪಟ್ಟಿಗಳು ಒಪ್ಪುವ ಒಂದು ಸಂಗತಿಯೆಂದರೆ ಜಿಮಿ ಹೆಂಡ್ರಿಕ್ಸ್ ಮೊದಲಿಗ ಎಂಬುದು. ಆದರೆ ಹೆಂಡ್ರಿಕ್ಸ್ ಎಂದರೆ ನಮ್ಮವರಿಗೆ ಹಲ್ಲಿನಿಂದ ತಂತಿ ಮೀಟಿದವನು, ಗಿಟಾರಿಗೆ ಬೆಂಕಿ ಇಟ್ಟವನು. 1966ರಲ್ಲಿ ಲಂಡನ್ನಿಗೆ ಹೋಗುವ ಮುನ್ನ ಅವನು ಲಿಟ್ಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಮುಂತಾದವರ ಹಿಂದೆ ನಿಂತು ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದ ಎಂಬುದನ್ನು ನೆನೆಯುವವರು ಕಡಿಮೆ. 1967ರ 'ಲಿಟ್ಲ್ ವಿಂಗ್' ಕೇಳಿ. ಅಲ್ಲಿ ಕಾರ್ಡ್ ಯಾವುದು, ರಾಗ ಯಾವುದು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಹೆಬ್ಬೆರಳು ದಪ್ಪ ತಂತಿಯಲ್ಲಿ ಮಂದ್ರ ಹಿಡಿದಿರುತ್ತದೆ, ಮಿಕ್ಕ ಬೆರಳುಗಳು ಮೇಲಿನ ತಂತಿಗಳಲ್ಲಿ ಸಣ್ಣ ಸಣ್ಣ ಪಲುಕುಗಳನ್ನು ಕೂಡಿಸುತ್ತವೆ. ಇನ್ನೊಬ್ಬನ ಹಾಡಿಗೆ ಜಾಗ ಬಿಟ್ಟು ನುಡಿಸಿ ಪಳಗಿದ ಕೈಗೆ ಮಾತ್ರ ಇದು ಸಾಧ್ಯ.

ಸೋಲೋ ಪೂಜೆ ನಮ್ಮಲ್ಲಿ ಇಷ್ಟು ಆಳವಾಗಿ ಬೇರು ಬಿಟ್ಟದ್ದಕ್ಕೆ ಅಮೆರಿಕದ ಪತ್ರಿಕೆಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ಕಿವಿ ಕಚೇರಿಯಲ್ಲಿ ತಯಾರಾದದ್ದು. ಸಿತಾರಿನ ಝಾಲಾ, ಗಾಯಕನ ತಾನ್, ವಿದ್ವಾಂಸನ ಕಲ್ಪನಾಸ್ವರ ಬಂದಾಗ ತಲೆದೂಗಿ ಅಭ್ಯಾಸವಾದವರು ರಾಕ್ ಕೇಳಲು ಕುಳಿತಾಗಲೂ ಅದನ್ನೇ ಹುಡುಕಿದೆವು. ಸೋಲೋ ಎಂದರೆ ಮನೋಧರ್ಮ, ಮಿಕ್ಕದ್ದು ಅದಕ್ಕೆ ಹಾಸಿದ ಜಮಖಾನೆ ಎಂದುಕೊಂಡೆವು. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲೂ ಸೋಲೋ ನುಡಿಸುವ ಲೀಡ್ ಗಿಟಾರಿನವನು ವೇದಿಕೆಯ ಮುಂದೆ, ಕಾರ್ಡು ಹಿಡಿಯುವ ರಿದಮ್ ಗಿಟಾರಿನವನು ಕೀಬೋರ್ಡಿನ ಮರೆಯಲ್ಲಿ.

ವಿಚಿತ್ರವೆಂದರೆ ಅದೇ ಕಚೇರಿ ಸಂಪ್ರದಾಯ ಇದಕ್ಕೆ ತದ್ವಿರುದ್ಧವಾದ ಪಾಠವನ್ನೂ ಕಲಿಸಿತ್ತು. ಮೈಸೂರು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದು ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ನಾದ ಹಿಂದಿನ ಸಾಲಿನವರೆಗೂ ಮುಟ್ಟಲಿ ಎಂದು. ಅವರ ಕೀರ್ತಿಯ ಬಹುಪಾಲು ಬಂದದ್ದು ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸಿದ್ದರಿಂದ. ಅಂಥವರ ಹೆಸರಿನಲ್ಲಿ ಬೆಂಗಳೂರು ಪಿಟೀಲಿನ ಆಕಾರದ ಒಂದು ಭವನವನ್ನೇ ಕಟ್ಟಿತು. ಹೆಚ್ಚುಕಡಿಮೆ ಚೌಡಯ್ಯನವರ ಕಾಲದಲ್ಲೇ, 1930ರ ದಶಕದಲ್ಲಿ, ಅಮೆರಿಕದ ದೊಡ್ಡ ಬ್ಯಾಂಡುಗಳಲ್ಲಿ ತುತ್ತೂರಿಗಳ ಅಬ್ಬರದ ನಡುವೆ ಗಿಟಾರಿನ ಕಾರ್ಡುಗಳು ಕೇಳಿಸುತ್ತಿರಲಿಲ್ಲ. ಗಿಟಾರಿಗೆ ವಿದ್ಯುತ್ತು ಬಂದದ್ದರ ಹಿಂದೆ ಆ ಸಂಕಟವೂ ಇತ್ತು. ಗಿಬ್ಸನ್ ಕಂಪನಿಯ ಇಎಸ್-150 ಮಾರುಕಟ್ಟೆಗೆ ಬಂದದ್ದು 1936ರಲ್ಲಿ. ಪಕ್ಕವಾದ್ಯದವನ ದನಿ ಕೇಳಿಸಬೇಕು ಎಂಬ ಹಂಬಲದಿಂದಲೂ ಹುಟ್ಟಿದ ವಾದ್ಯವನ್ನು ಏಕವ್ಯಕ್ತಿ ಪ್ರದರ್ಶನದ ಸಾಧನವಾಗಿ ಮಾತ್ರ ನೋಡುವುದು ಅದರ ಚರಿತ್ರೆಗೇ ಮಾಡುವ ಅನ್ಯಾಯ.

ಘಟ್ಟದ ಮೇಲಿನವರಾದ ನಮಗೆ ಇನ್ನೂ ಹತ್ತಿರದ ಪಾಠವೊಂದಿದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಯಕ್ಷಗಾನ ಮೇಳಗಳ ತಿರುಗಾಟವೂ ನಡೆಯುತ್ತದೆ. ಮಂದಾರ್ತಿ ಮೇಳದ ಹರಕೆಯಾಟ ಘಟ್ಟ ಹತ್ತಿ ಬರುತ್ತದೆ. ರಾತ್ರಿಯಿಡೀ ಆಟ ನೋಡಿದ ನಮ್ಮ ಪ್ರೇಕ್ಷಕ ಬೆಳಿಗ್ಗೆ ಬರೀ ವೇಷದ ಮಾತಾಡುವುದಿಲ್ಲ. ಭಾಗವತರು ಯಾವ ಪದ್ಯವನ್ನು ಎಲ್ಲಿ ಎತ್ತಿದರು, ಮದ್ದಳೆ ಎಲ್ಲಿ ತಗ್ಗಿತು, ಚಂಡೆಯ ಉರುಳಿಕೆ ಯಾವ ಹೆಜ್ಜೆಗೆ ಸರಿಯಾಗಿ ಬಂತು ಎಂದೂ ಚರ್ಚೆ ಮಾಡುತ್ತಾನೆ. 1990ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಹೋದ ಕಾಳಿಂಗ ನಾವಡರ ಧ್ವನಿಮುದ್ರಣಗಳನ್ನು ಇವತ್ತಿಗೂ ಹುಡುಕಿ ಕೇಳುತ್ತಾರೆ. ನಾವಡರು ಕುಣಿದವರಲ್ಲ, ಕುಣಿಸಿದವರು. ಮುಮ್ಮೇಳದಷ್ಟೇ ಗೌರವವನ್ನು ಹಿಮ್ಮೇಳಕ್ಕೂ ಕೊಡಲು ಗೊತ್ತಿರುವ ಜನ ರಾಕ್ ಸಂಗೀತಕ್ಕೆ ಬಂದಾಗ ಮಾತ್ರ ಹಿಮ್ಮೇಳವನ್ನು ಮರೆಯುವುದೇಕೆ?

ಆ ಮರೆವಿಗೊಂದು ಉದಾಹರಣೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿತು. ಗುರಗಾಂವದ ಕಾರ್ಯಕ್ರಮ ರದ್ದಾದ್ದರಿಂದ ಉತ್ತರದ ಅಭಿಮಾನಿಗಳೂ ಇಲ್ಲಿಗೇ ಬಂದರು. ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡ ಮೆಟಾಲಿಕಾಗಿಂತ ಮುಂಚೆ ವೇದಿಕೆ ಏರಿತ್ತು. ಆ ಸಂಜೆಯ ಬಗ್ಗೆ ನಮ್ಮ ಕಡೆಯ ಹುಡುಗರು ಹೇಳಿದ್ದರಲ್ಲೆಲ್ಲ ಮೆಟಾಲಿಕಾದ ಲೀಡ್ ವಾದಕ ಕರ್ಕ್ ಹ್ಯಾಮೆಟ್‌ನ ಬೆರಳುಗಳೇ. ಹ್ಯಾಮೆಟ್ ಒಳ್ಳೆಯ ವಾದಕ, ಅದರಲ್ಲಿ ಮಾತಿಲ್ಲ. ಆದರೆ ಮೆಟಾಲಿಕಾ ಎಂಬುದು ಮೆಟಾಲಿಕಾ ಆದದ್ದು ಅದರ ಗಾಯಕ, ರಿದಮ್ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈಯಿಂದ. ಅವರ ಪ್ರಮುಖ ಆಲ್ಬಮ್ಮುಗಳಲ್ಲಿ ರಿದಮ್ ಗಿಟಾರನ್ನು ಹೆಚ್ಚುಕಡಿಮೆ ಪೂರ್ತಿ ಅವನೇ ನುಡಿಸಿ ಮುದ್ರಿಸಿದ್ದಾನೆ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ವೇಗ ನಿಮಿಷಕ್ಕೆ 210 ಬೀಟಿನ ಆಸುಪಾಸು. ಅದರ ಮುಖ್ಯ ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರಿನ ತುಣುಕು, ಓಡುವಲ್ಲಿ ಸೆಕೆಂಡಿಗೆ ಸುಮಾರು ಏಳು ಹೊಡೆತ ಬೀಳುತ್ತದೆ. ಅವನು ಪಿಕ್ಕನ್ನು ಮೇಲೆ ಕೆಳಗೆ ಆಡಿಸಿ ಶ್ರಮ ಉಳಿಸುವುದಿಲ್ಲ, ಎಲ್ಲವನ್ನೂ ಕೆಳಮುಖವಾಗಿಯೇ ಹೊಡೆಯುತ್ತಾನೆ. ಮೇಲ್ಮುಖದ ಹೊಡೆತ ತೆಳು ತಂತಿಗೆ ಮೊದಲು ತಾಗುವುದರಿಂದ ದನಿ ಹಗುರಾಗುತ್ತದೆ. ಕೆಳಮುಖವಾಗಿ ಹೊಡೆದರೆ ಪ್ರತಿ ಸ್ವರಕ್ಕೂ ಒಂದೇ ಭಾರ ಬರುತ್ತದೆ. ಅಂಗೈಯ ಅಂಚು ಬ್ರಿಡ್ಜಿನ ಬಳಿ ತಂತಿಗಳನ್ನು ಅರ್ಧ ಅದುಮಿರುವುದರಿಂದ ನಾದ ಹರಡದೆ ಗುದ್ದಿನಂತೆ ಬಂದು ನಿಲ್ಲುತ್ತದೆ. ಎಂಟು ನಿಮಿಷಕ್ಕೂ ಹೆಚ್ಚಿನ ಹಾಡಿನಲ್ಲಿ ಇದನ್ನು ಮಾಡುತ್ತಲೇ, ಇದಕ್ಕೆ ಅಡ್ಡಡ್ಡವಾಗಿ ಸಾಗುವ ಸಾಲುಗಳನ್ನು ಅವನು ಹಾಡುತ್ತಲೂ ಇರುತ್ತಾನೆ. ಲೀಡ್ ನುಡಿಸುವವರು ಇದನ್ನೊಮ್ಮೆ ಪ್ರಯತ್ನಿಸಿ ನೋಡಲಿ, ಮುಂಗೈ ನೋವೇ ಉಳಿದದ್ದನ್ನು ಹೇಳುತ್ತದೆ. ಅದೇ ಹಾಡಿನ ನಡುವೆ ಬರುವ ನಿಧಾನಗತಿಯ, ಎಲ್ಲರೂ ಗುನುಗುವ ಸೋಲೋ ಕೂಡ ಹೆಟ್‌ಫೀಲ್ಡ್‌ನದೇ. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಹಾಡಿನ ಸೋಲೋ ಕೂಡ ಅವನದೇ.

ಆದ್ದರಿಂದ ಒಂದು ಹೆಸರು ಹೇಳಲೇಬೇಕೆಂದರೆ ನಾನು ಹೇಳುವುದು ಹೆಟ್‌ಫೀಲ್ಡ್. ಅವನ ಸ್ವರಲೋಕ ಇಕ್ಕಟ್ಟಾದದ್ದು ಎಂಬ ಆಕ್ಷೇಪ ನಿಜ. ಕಾರ್ಡುಗಳ ವೈವಿಧ್ಯ ಕಡಿಮೆ, ಮೃದುತ್ವ ಅಪರೂಪ. ಆದರೂ 1980ರ ನಂತರ ಜಗತ್ತಿನಾದ್ಯಂತ ಹುಡುಗರು ಗಿಟಾರ್ ಹಿಡಿಯುವ ಭಂಗಿಯನ್ನೇ ಬದಲಿಸಿದ ಕೈ ಅದು. ಅದಕ್ಕೂ ಮುನ್ನ ಎಸಿ/ಡಿಸಿ ತಂಡದ ಮಾಲ್ಕಮ್ ಯಂಗ್ ಇದ್ದ. ತಮ್ಮ ಆಂಗಸ್ ಶಾಲಾ ಸಮವಸ್ತ್ರ ತೊಟ್ಟು ವೇದಿಕೆ ತುಂಬ ಓಡಾಡುವಾಗ ಅಣ್ಣ ಹಿಂದೆ ಆಂಪ್ಲಿಫೈಯರಿನ ಪಕ್ಕ ನಿಂತು, ದಪ್ಪ ತಂತಿ ಬಿಗಿದ ಹಳೆಯ ಗ್ರೆಚ್ ಗಿಟಾರಿನಲ್ಲಿ ಇಡೀ ತಂಡವನ್ನು ನಡೆಸುತ್ತಿದ್ದ. 2017ರಲ್ಲಿ ಅವನು ತೀರಿಕೊಂಡ. ಅವನು ನುಡಿಸಿದ ಒಂದು ಸೋಲೋವನ್ನಾದರೂ ಹೆಸರಿಸಬಲ್ಲ ಅಭಿಮಾನಿ ನನಗೆ ಸಿಕ್ಕಿಲ್ಲ. ಅವನಿಲ್ಲದೆ ಆ ಹಾಡುಗಳು ನಿಲ್ಲುತ್ತಿರಲಿಲ್ಲ ಎಂಬುದನ್ನು ಒಪ್ಪದವರೂ ಸಿಕ್ಕಿಲ್ಲ. ಎಡ್ಡಿ ವ್ಯಾನ್ ಹೇಲನ್ ವಿಷಯದಲ್ಲೂ ನಾವು ತಪ್ಪು ಕಡೆ ಕಿವಿ ಇಟ್ಟಿದ್ದೇವೆ. 1978ರ 'ಇರಪ್ಷನ್' ಎರಡು ನಿಮಿಷವೂ ಇಲ್ಲದ ಚಮತ್ಕಾರ. ಎರಡೂ ಕೈಯ ಬೆರಳುಗಳಿಂದ ತಂತಿ ಬಡಿಯುವ ಆ ಟ್ಯಾಪಿಂಗನ್ನು ಸಾವಿರಾರು ಮಂದಿ ಕಲಿತರು. ಅಣ್ಣ ಅಲೆಕ್ಸ್‌ನ ಡ್ರಮ್ಸಿಗೆ ತಾಗಿಯೂ ತಾಗದಂತೆ ತುಸು ಮುಂದೆ ತುಸು ಹಿಂದೆ ಸರಿಯುವ ಅವನ ರಿದಮ್ಮನ್ನು ಕಲಿತವರು ಬಹಳಿಲ್ಲ.

ಇದಕ್ಕೆ ಎದುರಾಗಿ ಬರುವ ಗಟ್ಟಿ ವಾದವೊಂದಿದೆ, ಅದನ್ನು ಪಕ್ಕಕ್ಕೆ ಸರಿಸಲು ನನಗೆ ಮನಸ್ಸಿಲ್ಲ. ಜೆಫ್ ಬೆಕ್ 2023ರ ಜನವರಿಯಲ್ಲಿ ತೀರಿಕೊಂಡಾಗ ನಾವು ಕಳೆದುಕೊಂಡದ್ದು ಒಬ್ಬ ಏಕವ್ಯಕ್ತಿ ವಾದಕನನ್ನೇ. ಮನುಷ್ಯನ ಕೊರಳು ಮಾಡುವ ಕೆಲಸವನ್ನು ಅವನ ಗಿಟಾರ್ ಮಾಡುತ್ತಿತ್ತು. ಅದು ಸೋಲೋ ಅಲ್ಲವೇ, ಶ್ರೇಷ್ಠವಲ್ಲವೇ? ಶ್ರೇಷ್ಠವೇ. ಆದರೆ ಬೆಕ್ ಪಿಕ್ಕನ್ನು ಬದಿಗಿಟ್ಟು ಹೆಬ್ಬೆರಳಿನಿಂದ ಮೀಟಿ, ಅದೇ ಕೈಯ ಉಳಿದ ಬೆರಳುಗಳಿಂದ ವೈಬ್ರಾಟೋ ಸಲಾಕೆಯನ್ನೂ ದನಿಯ ಏರಿಳಿತದ ಗುಬುಟನ್ನೂ ಆಡಿಸುತ್ತಿದ್ದ. 2005ರಲ್ಲಿ ಬೆಂಗಳೂರಿಗೂ ಬಂದಿದ್ದ ಮಾರ್ಕ್ ನಾಫ್ಲರ್‌ನದೂ ಪಿಕ್ಕಿಲ್ಲದ ಬೆರಳೇ. ವೇಗವನ್ನು ಎಡಗೈ ಕೊಡಬಹುದು. ಯಾರ ಗಿಟಾರ್ ಎಂದು ಎರಡು ಸ್ವರದಲ್ಲಿ ಗುರುತು ಹಿಡಿಸುವುದು ಮೀಟುವ ಕೈ. ಸೋಲೋವನ್ನು ನಾನು ತಳ್ಳಿಹಾಕುತ್ತಿಲ್ಲ. ಸೋಲೋವನ್ನೂ ಮೀಟುವ ಕೈಯ ಕಡೆಯಿಂದಲೇ ಕೇಳಬೇಕು ಎನ್ನುತ್ತಿದ್ದೇನೆ.

ಈಗ ನಮ್ಮವರ ಮಾತು. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತನ್ನ ಸಂಗೀತವನ್ನು ಬ್ಯಾಂಗಲೋರ್ ರಾಕ್ ಎಂದೇ ಕರೆದುಕೊಂಡಿದೆ. ಬ್ರೂಸ್ ಲೀ ಮಣಿಯವರನ್ನು ಹೊಗಳುವವರು ಅವರ ಜ್ಯಾಝ್ ಪಾಂಡಿತ್ಯವನ್ನೂ ಬೆರಳ ಓಟವನ್ನೂ ಹೊಗಳುತ್ತಾರೆ. ನನಗೆ ಅವರ ಓಟ ಕೆಲವೊಮ್ಮೆ ಹೆಚ್ಚೆನಿಸುತ್ತದೆ. ಹಾಡು ಉಸಿರಾಡಬೇಕಾದ ಕಡೆಯೂ ಸ್ವರ ತುಂಬುವ ಚಪಲ ಅವರಿಗಿದೆ. ಅವರು ಕರ್ನಾಟಕದ ರಾಕ್ ಗಿಟಾರಿನಲ್ಲಿ ಎಲ್ಲರಿಗಿಂತ ಮುಂದಿರುವುದು ಬೇರೆ ಕಾರಣಕ್ಕೆ. ಗಿಟಾರ್, ಬೇಸ್, ಡ್ರಮ್ಸ್ ಮೂರೇ ಇರುವಾಗಲೂ, ತಾವೇ ಹಾಡುತ್ತ, ಕಾರ್ಡಿನ ಅರ್ಧವನ್ನು ನುಡಿಸಿ ಉಳಿದರ್ಧವನ್ನು ಕೇಳುಗನ ಊಹೆಗೆ ಬಿಟ್ಟು, ಕೊರತೆ ಕಾಣದಂತೆ ಹಾಡನ್ನು ಎತ್ತಿ ನಿಲ್ಲಿಸುತ್ತಾರಲ್ಲ, ಆ ಹಿಮ್ಮೇಳದ ಬುದ್ಧಿಗೆ. 2012ರ ಮೂರು ಡಿಸ್ಕಿನ 'ತ್ರೀ ವೀಲ್ಸ್ ನೈನ್ ಲೈವ್ಸ್' ಆಲ್ಬಮ್ಮಿನಲ್ಲಿ ಆಟೋರಿಕ್ಷಾ ಕುರಿತ 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್' ಎಂಬ ಹಾಡಿದೆ. ಶೀರ್ಷಿಕೆಯಲ್ಲೇ ಬೆಂಗಳೂರಿನ ಬೀದಿಯ ಮಾತಿದೆ. ಆದರೂ ತಂಡದ ಒಟ್ಟು ಕೆಲಸ ಇಂಗ್ಲಿಷಿನಲ್ಲಿದೆ, ಕನ್ನಡದ ಮಾತು ಗಿಟಾರಿಗೆ ಒಡ್ಡುವ ಸವಾಲು ಅವರಿಗೆ ಹೆಚ್ಚು ಎದುರಾಗಿಲ್ಲ.

ಆ ಸವಾಲು ಏನೆಂದು ಬಿಡಿಸಿ ಹೇಳಬೇಕು. ರಾಕ್‌ನ ಪೆಟ್ಟು ಬೀಳುವುದು ನಾಲ್ಕರ ಆವರ್ತದಲ್ಲಿ ಎರಡು ಮತ್ತು ನಾಲ್ಕನೆಯ ಎಣಿಕೆಯ ಮೇಲೆ, ಸ್ನೇರ್ ಡ್ರಮ್ಮಿನಿಂದ. ಕನ್ನಡದ ಸಾಲು ಮೊದಲಲ್ಲೇ ತೂಕ ಇಡುತ್ತದೆ, ನಮ್ಮ ಆದಿಪ್ರಾಸ ಅದಕ್ಕೆ ಸಾಕ್ಷಿ. ಜೊತೆಗೆ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುವ ಭಾಷೆ ನಮ್ಮದು. ಗಿಟಾರ್ ಬರೀ ಸ್ನೇರ್‌ನ ಬೆನ್ನು ಹತ್ತಿದರೆ ಪದದ ಬಾಲಕ್ಕೆ ಪೆಟ್ಟು ಬೀಳುತ್ತದೆ, ಗಿಡ್ಡ ಸ್ವರ ಎಳೆದು ಉದ್ದವಾಗುತ್ತದೆ. ಕನ್ನಡದ ಎಷ್ಟೋ ರಾಕ್ ಹಾಡುಗಳು ಅನುವಾದದಂತೆ ಕೇಳಿಸುವುದು ಇದರಿಂದ. ಎರಡನ್ನೂ ಒಪ್ಪಿಸಬೇಕಾದದ್ದು ಗಿಟಾರಿನ ಮೀಟುವ ಕೈ.

2008ರ 'ಅಂತರಾಗ್ನಿ' ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಎರಡು ತತ್ವಪದಗಳನ್ನು ತೆಗೆದುಕೊಂಡರು. ಶರೀಫರ ಪದಗಳನ್ನು ನಾಡಿಗೆಲ್ಲ ಹಬ್ಬಿಸಿದ್ದು ಸಿ. ಅಶ್ವತ್ಥ್ ಅವರ ದನಿ, ಅದನ್ನು ಮೀರಿ ಬೇರೆ ದಾರಿ ಹಿಡಿಯುವುದು ಸುಲಭವಿರಲಿಲ್ಲ. ರಘು ಅವರನ್ನು ಗಿಟಾರ್ ವಾದಕರ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ. ಅವರು ಗಾಯಕ, ಕೈಯಲ್ಲೊಂದು ಗಿಟಾರ್ ಇರುತ್ತದೆ, ಅಷ್ಟೆ ಎಂಬ ಭಾವನೆ. ನನ್ನ ಕಿವಿಗೆ ಆ ಹಾಡುಗಳ ನಿಜವಾದ ಬಲ ಅವರ ಸ್ಟ್ರಮ್ಮಿಂಗಿನಲ್ಲಿದೆ. ಅವರು ಭರತನಾಟ್ಯ ಕಲಿತವರು. ಹೆಜ್ಜೆ ಊರುವ ಜಾಗ ಬಲ್ಲ ಆ ಕೈ ಶರೀಫರ ಪದದ ಮೊದಲಕ್ಷರಕ್ಕೆ ಮೊದಲ ಹೊಡೆತ ಕೊಟ್ಟು, ಡ್ರಮ್ಸಿನ ಎರಡು-ನಾಲ್ಕನ್ನು ಹಗುರವಾದ ಮೇಲ್ಮುಖದ ಹೊಡೆತಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಮಾತು ಮುರಿಯುವುದಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಅವರನ್ನು ಕಂಡ ಇಂಗ್ಲಿಷ್ ಕೇಳುಗರಿಗೆ ಅದು ಬರೀ ಹುರುಪಾಗಿ ಕೇಳಿಸಿರಬಹುದು. ಕನ್ನಡ ಬಲ್ಲವರಿಗೆ ಅದರೊಳಗಿನ ಛಂದಸ್ಸು ಕೇಳಿಸಬೇಕಿತ್ತು, ನಮ್ಮ ವಿಮರ್ಶೆ ಅದನ್ನು ಗಮನಿಸಲೇ ಇಲ್ಲ. ವೇದಿಕೆ ದೊಡ್ಡದಾದಂತೆ, ತಂಡದ ಅಬ್ಬರ ಏರಿದಂತೆ ಆ ಸ್ಟ್ರಮ್ಮಿಂಗ್ ಮುಚ್ಚಿಹೋಗುತ್ತ ಬಂತು ಎಂಬುದನ್ನೂ ಹೇಳಬೇಕು. ಈಗಿನ ಕಾರ್ಯಕ್ರಮಗಳಲ್ಲಿ ನಾನು ಅದನ್ನು ಹುಡುಕಿ ಕೇಳಬೇಕಾಗುತ್ತದೆ.

ಆದರೂ ರಘು ಅವರ ಕೈ ನಾಲ್ಕರ ನಡೆಯನ್ನು ದಾಟಿ ಹೋಗಲಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕರ ಮಾತ್ರಾಗಣಗಳ ಮೇಲೆ ನಡೆಯುತ್ತದೆ, ಯಕ್ಷಗಾನದ ಭಾಗವತರು ಅದೇ ಭಾಮಿನಿಯನ್ನು ಇಂದಿಗೂ ಹಾಡುತ್ತಾರೆ. ಮೂರು ನಾಲ್ಕು ಸೇರಿದ ಈ ಏಳರ ಲೆಕ್ಕ ರಾಕ್‌ಗೆ ಅಪರಿಚಿತವೇನಲ್ಲ. ಪಿಂಕ್ ಫ್ಲಾಯ್ಡ್ 1973ರಲ್ಲೇ 'ಮನಿ' ಹಾಡನ್ನು ಏಳರ ಮೇಲೆ ಕಟ್ಟಿದರು. ಆದರೆ ಡೇವಿಡ್ ಗಿಲ್ಮೋರ್‌ನ ಸೋಲೋ ಬಂದ ಕೂಡಲೇ ಇಡೀ ತಂಡ ಏಳನ್ನು ಬಿಟ್ಟು ಸಲೀಸಾದ ನಾಲ್ಕಕ್ಕೆ ಇಳಿಯುತ್ತದೆ, ನಮ್ಮವರು ಮೆಚ್ಚಿ ಕೇಳುವುದೂ ಆ ಭಾಗವನ್ನೇ. ಭಾಮಿನಿಯ ಏಳನ್ನು ಹಿಡಿದು, ಸೋಲೋದಲ್ಲೂ ಅದನ್ನು ಕೈಬಿಡದ ಒಂದು ಕನ್ನಡ ರಿಫ್ ನಾನಿನ್ನೂ ಕೇಳಿಲ್ಲ.