ಅಳತೆಯಿಲ್ಲದ ಜಾಯಿಂಟ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಲ್ಲಿ ಕೊಳವೆಬಾವಿಯ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒದಗಿಸುವ ಪರಿವರ್ತಕಗಳಲ್ಲಿ, ಅಂದರೆ ರೈತರು ಟಿ.ಸಿ. ಎಂದು ಕರೆಯುವ ಯಂತ್ರಗಳಲ್ಲಿ, ಅಲ್ಯೂಮಿನಿಯಂ ತಂತಿಯನ್ನು ಹಿತ್ತಾಳೆ ಇಲ್ಲವೆ ತಾಮ್ರದ ತುದಿಗೆ ಸುತ್ತಿ ಬಿಗಿಯುವ ರೂಢಿ ಇಂದಿಗೂ ಕಾಣಸಿಗುತ್ತದೆ. ವಿಶೇಷ ಉಪಕರಣ ಬೇಡದ, ಬೆಳೆ ಒಣಗುವ ಹೊತ್ತಿನಲ್ಲಿ ಬೇಗನೆ ಮುಗಿಯುವ ಈ ಕೆಲಸದ ಉಪಯೋಗವನ್ನು ಅಲ್ಲಗಳೆಯಲಾಗದು. ಆದರೆ ಅದರ ಗುಣವನ್ನು ಕೈಯ ಬಿಗಿತದಿಂದಷ್ಟೇ ನಿರ್ಧರಿಸುವುದು ಈ ಪದ್ಧತಿಯ ಮುಖ್ಯ ದೋಷ.

ಅಲ್ಯೂಮಿನಿಯಂ ಗಾಳಿಗೆ ತಾಕಿದೊಡನೆ ಅದರ ಮೇಲೆ ವಿದ್ಯುತ್ತನ್ನು ತಡೆಯುವ ಆಕ್ಸೈಡ್ ಪದರ ಕೂಡುತ್ತದೆ; ಹೊರೆ ಏರಿಳಿದಂತೆ ಲೋಹ ಹಿಗ್ಗಿ ಕುಗ್ಗಿ ಹಿಡಿತ ಸಡಿಲಾಗುತ್ತದೆ; ತೇವವಿದ್ದರೆ ಎರಡು ಲೋಹಗಳ ನಡುವೆ ಸವೆತವೂ ಆರಂಭವಾಗುತ್ತದೆ. ಜಾಯಿಂಟಿನಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುವುದರಿಂದ, 63 ಕೆ.ವಿ.ಎ. ಟಿ.ಸಿ. ಪೂರ್ಣ ಹೊರೆಯಲ್ಲಿ ಕೊಡುವ ಸುಮಾರು 84 ಆಂಪಿಯರ್‌ಗೆ 10 ಮಿಲಿಓಮ್ ರೋಧದ ಜಾಯಿಂಟ್ 70 ವ್ಯಾಟ್‌ನಷ್ಟು ಕಾಯುತ್ತದೆ. ಅದು ಸುಟ್ಟು ಒಂದು ಫೇಸ್ ಕಡಿದರೆ, ಉಳಿದೆರಡರ ಮೇಲೆ ಓಡುವ ಮೋಟಾರಿನ ವೈಂಡಿಂಗೂ ಸುಡಬಹುದು.

ಜಾಯಿಂಟ್ ಕಾಯುವ ಇದೇ ಸಮಸ್ಯೆಯನ್ನು ಬೈಜಿಕ ಸಮ್ಮಿಳನ ಯಂತ್ರಗಳು ಬೇರೆ ಶಿಸ್ತಿನಿಂದ ಎದುರಿಸುತ್ತವೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 2013ರ ಜೂನ್‌ನಲ್ಲಿ ಮೊದಲ ಪ್ಲಾಸ್ಮಾ ಕಂಡ ಎಸ್‌ಎಸ್‌ಟಿ–1 ಎಂಬ ಸಮ್ಮಿಳನ ಯಂತ್ರದ ಮುಖ್ಯ ಆಯಸ್ಕಾಂತ ಸುರುಳಿಗಳನ್ನು ಅತಿವಾಹಕದಿಂದ, ಅಂದರೆ ಕಡು ಶೀತದಲ್ಲಿ ರೋಧವನ್ನೇ ಕಳೆದುಕೊಳ್ಳುವ ವಸ್ತುವಿನಿಂದ, ಕಟ್ಟಲಾಗಿದ್ದರೂ ಸುರುಳಿಗಳು ಕೂಡುವಲ್ಲಿ ಅಲ್ಪ ರೋಧ ಉಳಿದೇ ಉಳಿಯುತ್ತದೆ. 10,000 ಆಂಪಿಯರ್ ಹರಿಯುವಾಗ 5 ನ್ಯಾನೋಓಮ್ ರೋಧ ಕೊಡುವ ಶಾಖ ಅರ್ಧ ವ್ಯಾಟ್ ಮಾತ್ರ. ಆದರೂ ಮೈನಸ್ 268 ಡಿಗ್ರಿಯ ಆಸುಪಾಸಿನಲ್ಲಿ ಅದನ್ನು ಹೊರದೂಡಲು ನೂರಾರು ಪಟ್ಟು ವಿದ್ಯುತ್ ಬೇಕಾಗುವುದರಿಂದ, ಅಲ್ಲಿ ಜಾಯಿಂಟನ್ನು ಮೊದಲೇ ವಿನ್ಯಾಸಗೊಳಿಸಿ, ಬೆಸೆದು, ಅಳೆದು ಒಪ್ಪಿಕೊಳ್ಳಲಾಗುತ್ತದೆ. ಸಮ್ಮಿಳನಕ್ಕೆ ಸೇರದಿದ್ದರೂ ಅದೇ ಬಗೆಯ ಆಯಸ್ಕಾಂತಗಳುಳ್ಳ ಜಿನೀವಾದ ಎಲ್‌ಎಚ್‌ಸಿ ಕಣ ವೇಗವರ್ಧಕ ಯಂತ್ರವು 2008ರ ಸೆಪ್ಟೆಂಬರ್‌ನಲ್ಲಿ ಕೆಟ್ಟ ಒಂದೇ ಜಾಯಿಂಟಿನಿಂದ ಒಂದು ವರ್ಷಕ್ಕೂ ಮಿಕ್ಕಿ ನಿಂತಿತು.

ನ್ಯಾನೋಓಮ್ ನಿಖರತೆ ಹೊಲದ ಟಿ.ಸಿ.ಗೆ ಅನಗತ್ಯ; ಎರಡು ಲೋಹಗಳನ್ನು ಸೇರಿಸುವ ಬೈಮೆಟಾಲಿಕ್ ಲಗ್, ಆಕ್ಸೈಡ್ ತಡೆಯುವ ಪೇಸ್ಟ್, ಲಗ್ಗನ್ನು ತಂತಿಗೆ ಒತ್ತಿ ಕೂಡಿಸುವ ಸರಿಯಾದ ಕ್ರಿಂಪಿಂಗ್ ಇಷ್ಟೇ ಸಾಕು. ಎರವಲು ಪಡೆಯಬೇಕಾದದ್ದು ಅಳೆಯುವ ಕ್ರಮವನ್ನು. ಹೊರೆ ಹರಿಯುವಾಗ ಜಾಯಿಂಟಿನ ಎರಡು ಬದಿಗಳ ನಡುವಿನ ವೋಲ್ಟೇಜ್ ಇಳಿತವನ್ನು ನೋಡುವ ಈ ವಿಧಾನದಲ್ಲಿ ಎಸ್‌ಎಸ್‌ಟಿ–1ರಂಥ ಜಾಯಿಂಟಿಗೆ ಸೂಕ್ಷ್ಮ ಉಪಕರಣ ಬೇಕು. 84 ಆಂಪಿಯರ್‌ನಲ್ಲಿ 0.84 ವೋಲ್ಟ್ ಇಳಿತ ತೋರುವ ಕೆಟ್ಟ ಜಾಯಿಂಟನ್ನಾದರೋ ತರಬೇತಿ ಪಡೆದ ಲೈನ್‌ಮನ್ ಸುರಕ್ಷತಾ ಕ್ರಮಗಳೊಂದಿಗೆ ಸಾಧಾರಣ ಮಲ್ಟಿಮೀಟರ್‌ನಲ್ಲೇ ಗುರುತಿಸಬಲ್ಲನು. ಸುಟ್ಟ ಮೇಲೆ ಬಿಗಿಯುವ ರೂಢಿಗೆ ಬಡತನದ ನೆಪ ಈ ಕಾರಣದಿಂದ ನಿಲ್ಲುವುದಿಲ್ಲ.