ಕಂಬ ಎಣಿಸುವವರಿಗೆ ಕಾಣದ ಮಾಡು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಬಗ್ಗೆ ಬರೆಯುವವರು ಎರಡು ಮಾತು ಹೇಳದೆ ಬಿಡುವುದಿಲ್ಲ. ಒಂದು ಕಂಬದಂತೆ ಇನ್ನೊಂದಿಲ್ಲ ಎಂಬುದು ಒಂದು. ಅದರ ಮಾಡು ನೇಪಾಳದ ಶೈಲಿಯದು ಎಂಬುದು ಇನ್ನೊಂದು. 1430ರಲ್ಲಿ ಎದ್ದು ನಿಂತ ಈ ತ್ರಿಭುವನ ತಿಲಕ ಚೂಡಾಮಣಿಯನ್ನು ನಾವು ಕಟ್ಟಡವಾಗಿ ನೋಡದಂತೆ ಮಾಡಿರುವುದು ಈ ಎರಡು ಮಾತುಗಳೇ ಎಂಬುದು ನನ್ನ ತಕರಾರು.

ನೇಪಾಳದ ಮಾತಿಗೆ ಬಲ ಕೊಟ್ಟವರು ಜೇಮ್ಸ್ ಫರ್ಗುಸನ್. 1876ರ ತಮ್ಮ ವಾಸ್ತು ಇತಿಹಾಸದಲ್ಲಿ ಅವರು ಇಲ್ಲಿನ ಕಂಬಗಳು ಅಂಚು ಕೆತ್ತಿದ ಮರದ ದಿಮ್ಮಿಗಳಂತಿವೆ ಎಂದು ಗುರುತಿಸಿದರು. ಅದು ನಿಜವಾದ ವಿಮರ್ಶಕನ ನೋಟ. ಆದರೆ ಮರದ ಆ ನೆನಪಿಗೆ ಮೂಲ ಹುಡುಕಲು ಹಿಮಾಲಯಕ್ಕೆ ಹೋಗಬೇಕಿರಲಿಲ್ಲ. ಕದ್ರಿಯಿಂದ ತ್ರಿಶೂರಿನ ವಡಕ್ಕುನ್ನಾಥನವರೆಗೆ ಕರಾವಳಿಯ ಗುಡಿಗಳ ಮಾಡು ಇಳಿಜಾರಾದದ್ದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನೆಲದ ಬಡಗಿಗೆ ಸೂರು ಎಷ್ಟು ಮುಂದೆ ಚಾಚಬೇಕೆಂದು ಬೇರೆ ದೇಶದವರು ಕಲಿಸಬೇಕಿಲ್ಲ.

ಇದೇ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆಯಲ್ಲ ಎಂದು ಕೇಳಬಹುದು. ಇವೆ. ಕಡಲ ವ್ಯಾಪಾರದ ಸುದ್ದಿ ಶಿಲ್ಪಿಯ ಉಳಿಗೆ ತಲುಪಿತ್ತು ಎಂಬುದಕ್ಕೆ ಅವು ಸಾಕ್ಷಿ. ಆದರೆ ಅಲಂಕಾರಕ್ಕೆ ಬಂದ ಚಿತ್ರ ಬೇರೆ, ಭಾರ ಹೊರುವ ಚೌಕಟ್ಟು ಬೇರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಎಲ್ಲಕ್ಕೂ ಮಳೆಯೇ ಕಾರಣವಾದರೆ, ಅದೇ ಮಳೆ ಬೀಳುವ ಕಾರ್ಕಳದ ಚತುರ್ಮುಖ ಬಸದಿಗೆ ಚಪ್ಪಟೆ ಕಲ್ಲಿನ ಮಾಡು ಹೇಗೆ ಬಂತು? ಇಮ್ಮಡಿ ಭೈರರಸ 1586ರಲ್ಲಿ ಅದನ್ನು ಬಂಡೆಯ ಮೇಲೆ, ನಾಲ್ಕು ದಿಕ್ಕಿಗೂ ಒಂದೇ ಮುಖವಿರುವಂತೆ ಕಟ್ಟಿಸಿದ. ಅದು ಒಬ್ಬ ಅರಸನ ಒಂದೇ ಸಂಕಲ್ಪ. ಹಾಗಾಗಿ ಮಳೆ ಸಮಸ್ಯೆಯನ್ನು ಒಡ್ಡಿತೇ ಹೊರತು ಉತ್ತರವನ್ನು ಬರೆದುಕೊಡಲಿಲ್ಲ ಎಂದು ನಾನು ಒಪ್ಪುತ್ತೇನೆ. ಮೂಡುಬಿದಿರೆಯವರು ಆರಿಸಿಕೊಂಡ ಉತ್ತರ ಬೇರೆ: ಕೆಳಗೆ ಕಲ್ಲು, ಮೇಲೆ ಮರ, ಅಂತಸ್ತಿನ ಮೇಲೆ ಅಂತಸ್ತು. ಗರ್ಭಗುಡಿಯ ಮುಂದೆ ಮಂಟಪಗಳು ಒಂದಾದ ಮೇಲೊಂದು ಸೇರಿಕೊಂಡವು. ಹೆಚ್ಚು ಮಕ್ಕಳಾದಂತೆ ಚಾವಡಿ ಚಾಚಿಕೊಂಡ ಗುತ್ತಿನ ಮನೆಯ ಹಾಗೆ ಈ ಬಸದಿ ಬೆಳೆದಿದೆ.

ಕಂಬದ ಮಾತು ಮರೆಮಾಡುವುದು ಈ ಬೆಳವಣಿಗೆಯನ್ನೇ. ಒಳಮಂಟಪದ ಕಂಬಗಳಲ್ಲಿ ಕುಸುರಿ ತುಂಬಿದೆ, ಹೊರಜಗಲಿಯ ಕಂಬಗಳು ಸರಳ. ಈ ಅಂತರ ಶಿಲ್ಪಿಗಳ ವೈವಿಧ್ಯದ ಹಂಬಲವೊಂದೇ ಅಲ್ಲ, ಕಟ್ಟಡದ ವ್ಯಾಕರಣ. ಹೊರಗಿನ ಕಂಬದ ಕೆಲಸ ಸೂರು ಹೊರುವುದು, ಬಿಸಿಲಿಗೂ ಎರಚಲಿಗೂ ಎದುರಾಗುವುದು. ಒಳಗಿನದು ಮಬ್ಬುಬೆಳಕಿನಲ್ಲಿ ಗರ್ಭಗುಡಿಯ ಚಂದ್ರಪ್ರಭ ತೀರ್ಥಂಕರನತ್ತ ನಡೆಯುವವರ ಕಣ್ಣನ್ನು ತಡೆದು ನಿಲ್ಲಿಸುವುದು. ಪ್ರತಿ ಕಂಬವನ್ನೂ ಬಿಡಿ ವಿಗ್ರಹದಂತೆ ನೋಡಿದರೆ ಈ ಕ್ರಮ ಕಾಣುವುದಿಲ್ಲ.

ತಕರಾರು ಬರೀ ರುಚಿಯದ್ದಲ್ಲ. ಕಲ್ಲಿನ ಕಂಬ ತನ್ನಷ್ಟಕ್ಕೆ ಉಳಿಯುತ್ತದೆ. ಮರದ ಮಾಡು ಆರೈಕೆಯಿಲ್ಲದೆ ಉಳಿಯದು. ಕಂಬವನ್ನೇ ಹೊಗಳುತ್ತ ಬಂದ ಕಣ್ಣು ಮೊದಲು ಹಾಳಾಗುವ ಭಾಗವನ್ನು ಕೊನೆಗೆ ಗಮನಿಸುತ್ತದೆ. ಬಸದಿಯನ್ನು ವಿವರಿಸುವವರು ಪಕ್ಕಾಸು, ಸೂರು, ಅಂತಸ್ತುಗಳಿಂದ ಶುರುಮಾಡಿ ಕಂಬಕ್ಕೆ ಇಳಿಯಲಿ. ಹೊಗಳಿಕೆಗೆ ಅದರಿಂದ ಕೊರತೆಯಾಗುವುದಿಲ್ಲ. ಏನನ್ನು ಹೊಗಳುತ್ತಿದ್ದೇವೆ, ಏನನ್ನು ಉಳಿಸಬೇಕಾಗಿದೆ ಎಂಬುದು ಸ್ಪಷ್ಟವಾಗುತ್ತದೆ.